ಮೇಕೆದಾಟಿನಲ್ಲಿ ದೊಡ್ಡಮ್ಮ

ಸಾತನೂರಿನ ದೊಡ್ಡಮ್ಮನನ್ನು ಕೊನೆಗೂ ಮೇಕೆದಾಟಿಗೆ ಕರೆತಂದೆ. ಊರಿಗೆ ಇಷ್ಟು ಹತ್ತಿರವಿದ್ದರೂ ಹಸು, ರೇಷ್ಮೆಹುಳು ಬಿಟ್ಟು ಅವರು ಎಂದೂ ಬಂದಿರಲಿಲ್ಲ. ಈಗ ಬಿಡುವಿದೆ, ಕಣ್ಣು ಮಾತ್ರ ಪೂರ್ತಿ ಮಂಜಾಗಿದೆ.

ಸಂಗಮದಲ್ಲಿ ಅಷ್ಟಗಲ ಹರಡಿದ್ದ ಕಾವೇರಿ ಇಲ್ಲಿ ಬಂಡೆಗಳ ನಡುವಿನ ಆಳವಾದ ಸೀಳಿನಲ್ಲಿ ಒತ್ತಿಕೊಂಡು ಓಡುತ್ತಿತ್ತು.

"ಹೊಳೆ ಎಲ್ಲೈತೆ ಮಗ? ಬರೀ ಸದ್ದು ಕೇಳ್ತೈತೆ."

"ತುಂಬಾ ಕೆಳಗಿದೆ ದೊಡ್ಡಮ್ಮ."

ಬಂಡೆಯಲ್ಲಿದ್ದ ಗುಂಡನೆಯ ಗುಳಿಯೊಂದಕ್ಕೆ ಅವರ ಕೈ ಇಳಿಸಿ, ನೀರಿನ ಸುಳಿಯಲ್ಲಿ ಸಿಕ್ಕ ಕಲ್ಲುಗಳು ತಿರುತಿರುಗಿ ಕೊರೆದದ್ದು ಎಂದೆ.

"ಒಳ್ಕಲ್ ಇದ್ದಂಗೆ ನುಣ್ಗೈತಲ್ಲ!" ಅವರು ಬಹಳ ಹೊತ್ತು ಕೈ ತೆಗೆಯಲಿಲ್ಲ. "ಕಣ್ಣು ಚೆಂದಾಗಿದ್ದಾಗ್ಲೇ ಬರ್ಬೇಕಿತ್ತು."

ಹಿಂದಿರುಗುವಾಗ ಬಸ್ಸಿನಲ್ಲಿ ಮೆಲ್ಲಗೆ ಕೇಳಿದರು: "ಊರಲ್ಲಿ ಕೇಳ್ತಾರೆ. ನೀನು ನೋಡಿದ್ನ ಒಸಿ ಬುಡ್ಸಿ ಹೇಳು ಮಗ, ನಾನೇ ನೋಡ್ದೆ ಅಂತೀನಿ."