ಭಾವ ನನಗೆ ಹೊರಿಸಿದ ಮಾತು

ನಮ್ಮ ಟೈಲರ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವರು ಭಾವ, ಹೊಲಿಯುವವಳು ಅಕ್ಕ, ಇಸ್ತ್ರಿ ಹಾಕುವವಳು ನಾನು. ಇದರ ಜೊತೆಗೆ ಕೆಟ್ಟ ಸುದ್ದಿ ಹೇಳುವ ಕೆಲಸವೂ ನನ್ನದೇ. ಕೋಟು ಇವತ್ತು ಸಿಗುವುದಿಲ್ಲ, ತಂದ ಬಟ್ಟೆ ನಿಮ್ಮ ಹೊಟ್ಟೆಗೆ ಸಾಲುವುದಿಲ್ಲ, ತೋಳು ಕೆಟ್ಟದ್ದು ನಮ್ಮಿಂದಲೇ, ಇವನ್ನೆಲ್ಲ ಗಿರಾಕಿಯ ಮುಖ ನೋಡಿ ಹೇಳುವುದು ಅಕ್ಕನ ಕೈಲಾಗದ ಮಾತು. ಯಾರು ಏನು ಕೇಳಿದರೂ ಹೂಂ ಎಂದುಬಿಡುವ ಹೆಂಗಸು ಅವಳು. ನಾಳೆಗೇ ಕೊಡುತ್ತೀರಾ, ಹೂಂ. ಇಷ್ಟೇ ಬಟ್ಟೆಯಲ್ಲಿ ಎರಡು ಅಂಗಿ ಆಗುತ್ತದೆಯೇ, ಅದಕ್ಕೂ ಹೂಂ. ಆಮೇಲೆ ಬೈಸಿಕೊಳ್ಳಲು ನಾನೊಬ್ಬಳು ಇದ್ದೆನಲ್ಲ. ಭಾವ ಒಳಗೆ ಕತ್ತರಿ ಹಿಡಿದು ಕಿಸಿಕಿಸಿ ನಗುತ್ತಿದ್ದರು.

ಭಾವನ ಉಸಿರಾಟ ಮೊದಲಿಂದಲೂ ಅಷ್ಟಕ್ಕಷ್ಟೆ. ತೀರಾ ಕೆಟ್ಟಾಗ ಗಂಟಲಿಗೆ ಕೊಳವೆ ಇಳಿಸಿ ಯಂತ್ರದ ಮೇಲಿಡುವುದು ಬೇಡವೆಂದು ಅಕ್ಕನಿಗೆ ಎಷ್ಟೋ ಸಲ ಹೇಳಿದ್ದರು. ಅಕ್ಕ ಹೂಂ ಅಂದಿದ್ದಳು. ಆ ದಿನ ಬಂದಾಗ ಡಾಕ್ಟರು ಕೊಳವೆ ಹಾಕಲೇ ಎಂದು ಕೇಳಿದರು. ಅವರಿಗೂ ಹೂಂ ಅಂದಳು. ಭಾವ ಬದುಕಿ ಬಂದರು. ಸುಳ್ಳು ಯಾಕೆ, ನನಗೂ ಹೋದ ಜೀವ ಬಂದಂತಾಯಿತು. ಆದರೆ ಅವರ ದನಿ ಪಿಸುಮಾತಿಗೆ ಇಳಿದಿತ್ತು. ಕೊಳವೆ ಕಿತ್ತುಕೊಳ್ಳದಿರಲೆಂದು ಕೈಗಳನ್ನು ಮಂಚಕ್ಕೆ ಕಟ್ಟಿಹಾಕಿದ್ದು ನೆನಪಾದರೆ ಬೆವರುತ್ತಿದ್ದರು. ಪಾಪ, ಅಕ್ಕನಿಗೆ ಒಂದು ಮಾತೂ ಅನ್ನಲಿಲ್ಲ.

ಒಂದು ಬೆಳಿಗ್ಗೆ ಅಕ್ಕನನ್ನೂ ಕರೆದುಕೊಂಡು ನನ್ನ ಇಸ್ತ್ರಿ ಮೇಜಿನ ಹತ್ತಿರ ಬಂದರು.

"ನನಗೆ ಮತ್ತೆ ಹಾಗಾದ್ರೆ ಡಾಕ್ಟರು ಕೇಳ್ಬೇಕಾದ್ದು ಇವಳನ್ನ. ಆಸ್ಪತ್ರೇಲೂ ಹೇಳಿ ಬಂದಿದೀನಿ."

ಅಕ್ಕನ ಮುಖ ಸಪ್ಪಗಾಯಿತು. "ಕಟ್ಕೊಂಡ ಹೆಂಡ್ತಿ ನಾನಿನ್ನೂ ಬದುಕಿದೀನಲ್ಲ ರೀ."

"ಅದಕ್ಕೇ ಕಣೆ. ನೀನು ನನ್ನ ಪಕ್ಕದಲ್ಲಿ ಕೂತಿರು, ಸಾಕು. ಬೇಡ ಅನ್ನೋದು ಇವಳಿಗಿರ್ಲಿ."

ನನಗೆ ಮೈಯೆಲ್ಲ ಉರಿಯಿತು. "ಚೆನ್ನಾಗಿದೆ ಭಾವ. ಗಿರಾಕಿಗಳ ಹತ್ರ ಬೈಸ್ಕೊಂಡಿದ್ದು ಸಾಲ್ದು ಅಂತ ನಿಮ್ಮ ಸಾವನ್ನೂ ನನ್ನ ತಲೆಗೆ ಕಟ್ತೀರಾ?"

"ನಿನ್ನ ಬಾಯಿಗೆ ಹೆದರದ ಡಾಕ್ಟರು ಇನ್ನೂ ಹುಟ್ಟಿಲ್ಲ" ಎಂದು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಮತ್ತೆ ನಗಲಿಲ್ಲ. "ಆಕ್ಸಿಜನ್ ಕೊಡ್ಲಿ, ಸೂಜಿ ಚುಚ್ಲಿ. ಕೊಳವೆ ಮಾತ್ರ ಬೇಡ. ಹೇಳ್ತೀಯಾ?"

ಬೇರೆ ದಾರಿ ಇರಲಿಲ್ಲ. ಹೇಳುತ್ತೇನೆಂದು ಒಪ್ಪಿಕೊಂಡೆ.

ಚಳಿ ಶುರುವಾದಾಗ ಮತ್ತೆ ಉಸಿರು ಕಟ್ಟಿತು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಭಾವನಿಗೆ ಎಚ್ಚರವಿರಲಿಲ್ಲ. ಕೊಳವೆ ಹಾಕಿದರೆ ಇನ್ನಷ್ಟು ದಿನ ಉಳಿಯಬಹುದು, ಯಂತ್ರ ಬಿಟ್ಟು ಬರುವುದು ಈ ಸಲ ಕಷ್ಟ ಎಂದು ಡಾಕ್ಟರು ಬಿಡಿಸಿ ಹೇಳಿ, ನನ್ನ ಕಡೆ ನೋಡಿದರು. ಅಕ್ಕ ನನ್ನ ಮೊಣಕೈ ಹಿಡಿದುಕೊಂಡಳು. "ಹೂಂ ಅನ್ನೇ. ಇದೊಂದು ಸಲ."

ಅವಳ ಗಂಡನನ್ನು ನನ್ನ ಕೈಯಾರೆ ಕಸಿದುಕೊಳ್ಳುತ್ತಿದ್ದೇನೆ ಅನ್ನಿಸಿತು. ಭಾವನ ಮೇಲೆ ಕೆಟ್ಟ ಸಿಟ್ಟು ಬಂತು, ಅಷ್ಟೇ ದುಃಖವೂ ಬಂತು.

"ಬೇಡ" ಅಂದೆ.

ಸಂಕಟ ತಗ್ಗಿಸುವ ಔಷಧಿ ಕೊಟ್ಟರು. ಮಾರನೆಯ ಮಧ್ಯಾಹ್ನ ಭಾವ ತೀರಿಕೊಂಡರು. ಅಷ್ಟು ಹೊತ್ತೂ ಅಕ್ಕ ಪಕ್ಕದಲ್ಲೇ ಕೂತು ಅವರ ಕೈ ಸವರುತ್ತಿದ್ದಳು. ನನ್ನ ಜೊತೆ ಮಾತ್ರ ಮಾತು ಬಿಟ್ಟಳು.

ಮನೆಯಲ್ಲಿ ಜನ ಸೇರಿದ್ದಾಗ ಭಾವನ ತಮ್ಮ ಬಂದ. ಬಂದವನೇ ಎಲ್ಲರೆದುರು ದನಿ ಏರಿಸಿದ. "ಕೊಳವೆ ಹಾಕಿದ್ರೆ ಅಣ್ಣ ಉಳೀತಿದ್ದ. ಬೇಡ ಅಂದೋರು ಯಾರು?"

ಉತ್ತರ ಕೊಡಲು ನಾನು ಏಳುವಷ್ಟರಲ್ಲಿ ಅಕ್ಕ ಎದ್ದು ನಿಂತಿದ್ದಳು.

"ನಾನು" ಅಂದಳು. "ನಾನೇ ಬೇಡ ಅಂದೆ."

ಮೈದುನ ಬಾಯಿಗೆ ಬಂದಂತೆ ಬೈದ. ನಾನು ಬಾಯಿ ತೆರೆದರೆ ಅಕ್ಕ ನನ್ನ ಭುಜ ಅದುಮಿ ಕೂರಿಸಿದಳು, ಬೈಗುಳವನ್ನೆಲ್ಲ ಒಬ್ಬಳೇ ನಿಂತು ಕೇಳಿಸಿಕೊಂಡಳು.