ಬಿಸಿಯಾಗದ ಟಾರ್ಚು

ಊರಿನ ದೊಡ್ಡ ಆಸ್ಪತ್ರೆಗೆ ಮೂವತ್ತೊಂದು ವರ್ಷ ಫೋನು ಮಾಡಿದವರೆಲ್ಲ ಮೊದಲು ಕೇಳಿದ್ದು ಆಪರೇಟರ ದನಿಯನ್ನು. ಅವರು ಹುಟ್ಟುಕುರುಡರು. ನಾನೂರು ಚಿಲ್ಲರೆ ನಂಬರುಗಳು ಅವರಿಗೆ ಬಾಯಿಪಾಠವಾಗಿದ್ದವು. ನಿವೃತ್ತರಾಗಿ ಒಂಬತ್ತು ವರ್ಷ ಕಳೆದರೂ ಬೀದಿಯವರಿಗೆ ಅವರು ಆಪರೇಟರೇ. ಕರೆಂಟು ಹೋಯಿತೆಂದು ಕೆಳಗಿನ ಮನೆಯವರು ಗೊಣಗಿದರೆ, "ನಿಮ್ಮದು ಈಗ ಹೋಯ್ತು. ನಂದು ಹುಟ್ಟಿದಾಗಲೇ ಹೋಗಿದೆ, ಇನ್ನೂ ಬಂದಿಲ್ಲ" ಎಂದು ನಗಿಸುತ್ತಿದ್ದರು.

ಆ ತಮಾಷೆ ನಿಂತು ಎರಡು ವರ್ಷವಾಗಿತ್ತು. ಹೆಂಡತಿಗೆ ಮರೆವಿನ ಕಾಯಿಲೆ ಹತ್ತಿಕೊಂಡಿತ್ತು. ಶಾಲೆಯಲ್ಲಿ ಭೂಗೋಳ ಕಲಿಸಿದವಳು ಆಕೆ. ಮದುವೆಯಾದಂದಿನಿಂದ ಗಂಡನಿಗೆ ದಿನವೂ ಪತ್ರಿಕೆ ಓದಿ ಹೇಳಿದವಳು. ಈಗ ಅಡುಗೆಮನೆಯಿಂದ ಮಲಗುವ ಕೋಣೆಗೆ ದಾರಿ ಯಾವುದೆಂದು ಕೇಳುತ್ತಿದ್ದಳು. ಹಗಲು ಹೇಗೋ ಸಾಗುತ್ತಿತ್ತು. ಕತ್ತಲಾದರೆ ಮಾತ್ರ ಮನೆಯೇ ಮಾಯವಾದಂತೆ ಎದ್ದು ಹುಡುಕಲು ಹೊರಡುತ್ತಿದ್ದಳು. ಹಿಂದಿನ ವರ್ಷದ ಬಿರುಗಾಳಿಯಲ್ಲಿ ಹಾಗೆ ಹೊರಟು, ಮೆಟ್ಟಿಲಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡಳು.

ಆಗ ಆಕೆಯ ತಂಗಿ ಬಂದಳು. ಆ ನಾದಿನಿ ಸುತ್ತಿ ಬಳಸಿ ಮಾತಾಡುವವಳಲ್ಲ. ಇಂಥ ಕಾಯಿಲೆಯ ಹೆಂಗಸರನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಂದು ಆಶ್ರಮದ ಅರ್ಜಿಯನ್ನು ತಂದು ಮೇಜಿನ ಮೇಲಿಟ್ಟಳು. ಅಲ್ಲಿ ಗಂಡಸರಿಗೆ ಜಾಗವಿರಲಿಲ್ಲ.

"ಭಾವ, ಅಕ್ಕ ಕತ್ತಲಲ್ಲಿ ಇನ್ನೊಂದು ಸಲ ಬಿದ್ದರೆ ನಾನು ನಿಮ್ಮನ್ನ ಕೇಳೋಕೆ ಬರಲ್ಲ" ಎಂದಳು. "ಕರ್ಕೊಂಡು ಹೋಗೋಕೆ ಬರ್ತೀನಿ."

ಆಪರೇಟರು ಆ ಮಾತನ್ನು ಒಂದು ನಂಬರಿನಂತೆ ಮನಸ್ಸಿನಲ್ಲಿ ಬರೆದುಕೊಂಡರು. ಮಾರನೆಯ ದಿನವೇ ಹಳೆಯ ತಗಡಿನ ಪೆಟ್ಟಿಗೆಯೊಂದನ್ನು ಖಾಲಿ ಮಾಡಿ ಬಿರುಗಾಳಿಗೆಂದು ತುಂಬಿಸತೊಡಗಿದರು. ಎರಡು ಕ್ಯಾನು ನೀರು, ತಿಂಗಳಿಗೊಮ್ಮೆ ಬದಲಿಸಬೇಕು. ಬೆಳಗಿನ ಮಾತ್ರೆಯ ಪಟ್ಟಿಗೆ ಒಂದು ಮೂಲೆ ಕತ್ತರಿಸಿದ್ದು, ರಾತ್ರಿಯದಕ್ಕೆ ಎರಡು. ಸಣ್ಣ ರೇಡಿಯೋ, ಬಿಸ್ಕತ್ತು, ಹತ್ತಿ, ಆಕೆಯ ಸ್ವೆಟರು, ರಬ್ಬರು ಬ್ಯಾಂಡು ಸುತ್ತಿದ ಹೊಸ ಸೆಲ್ಲುಗಳು. ಮೇಣದಬತ್ತಿ ಬೇಡವೆಂದು ತೀರ್ಮಾನಿಸಿದರು. ಒಬ್ಬರಿಗೆ ಕಾಣುವುದಿಲ್ಲ, ಇನ್ನೊಬ್ಬರಿಗೆ ನೆನಪಿರುವುದಿಲ್ಲ, ಬೆಂಕಿಯನ್ನು ಯಾರ ಕೈಗೆ ಕೊಡುವುದು? ಕರೆಂಟು ಹೋದಾಗ ತಾನೇ ಹತ್ತಿಕೊಳ್ಳುವ ದೀಪವನ್ನೂ ಗೋಡೆಗೆ ಹಾಕಿಸಿ ನೋಡಿದರು. ಆಕೆ ಅದನ್ನು ಕಿತ್ತು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಳು.

ಉಳಿದದ್ದು ಟಾರ್ಚು. ಹಳೆಯ ಟಾರ್ಚಿನ ವಿಷಯದಲ್ಲಿ ಅವರಿಗೆ ಯಾರ ಹಂಗೂ ಇರಲಿಲ್ಲ. ಗುಂಡಿ ತಳ್ಳಿ, ಗಾಜಿನ ಮೇಲೆ ಅಂಗೈಯಿಟ್ಟು, ಇನ್ನೂರರವರೆಗೆ ಎಣಿಸಿದರೆ ಬಿಸಿ ತಾಗುತ್ತಿತ್ತು. ಬಿಸಿಯಿದ್ದರೆ ಬೆಳಕಿದೆ ಎಂದರ್ಥ. ಆದರೆ ಅದರ ಬಲ್ಬು ಸುಟ್ಟುಹೋಯಿತು. ಅಂಥ ಬಲ್ಬು ಈಗ ಬರುವುದೇ ಇಲ್ಲವೆಂದು ಎಲೆಕ್ಟ್ರಿಕ್ ಅಂಗಡಿಯವನು ಹೊಸ ಟಾರ್ಚೊಂದನ್ನು ಕೈಗಿಟ್ಟ. ಹಿಂಭಾಗದ ಗುಂಡಿ ಒತ್ತಿದರೆ ಆಯಿತು, ಎಷ್ಟು ಹೊತ್ತು ಉರಿದರೂ ಇದು ಬಿಸಿಯಾಗುವುದಿಲ್ಲ, ಅದೇ ಇದರ ಹೆಚ್ಚುಗಾರಿಕೆ ಎಂದು ಹೊಗಳಿದ. ಆಪರೇಟರು ಅದರ ಗಾಜನ್ನು ಅಂಗೈಯಿಂದ ಒಮ್ಮೆ ಸವರಿ ದುಡ್ಡು ಕೊಟ್ಟರು. ಬೇರೆ ದಾರಿಯಿರಲಿಲ್ಲ.

ಅಂದಿನಿಂದ ಭಾನುವಾರ ಬೆಳಿಗ್ಗೆ ಪೆಟ್ಟಿಗೆಯ ತಪಾಸಣೆ ನಡೆಯುತ್ತಿತ್ತು. ಕೊನೆಗೆ ಟಾರ್ಚು. ಒಮ್ಮೆ ಒತ್ತಿ, "ಏನೇ, ಹತ್ತಿತಾ?" ಎಂದು ಕೇಳುವರು. "ಹೂಂ, ಹತ್ತಿತು" ಎನ್ನುವಳು. ಇನ್ನೊಮ್ಮೆ ಒತ್ತಿ ಪೆಟ್ಟಿಗೆಯಲ್ಲಿಟ್ಟು ಮುಚ್ಚುವರು. ಆರಿತೇ ಎಂದು ಮಾತ್ರ ಒಂದು ದಿನವೂ ಕೇಳಲಿಲ್ಲ. ಅದಕ್ಕೂ ಆಕೆ ಹತ್ತಿದೆ ಎಂದುಬಿಟ್ಟರೆ? ಆಕೆಯ ಮಾತನ್ನು ಯಾವುದಕ್ಕೂ ನಂಬುವಂತಿಲ್ಲ ಎಂದಾಗುತ್ತಿತ್ತು. ಅದನ್ನು ತಿಳಿದುಕೊಳ್ಳುವ ಧೈರ್ಯ ಅವರಿಗಿರಲಿಲ್ಲ.

ಟಾರ್ಚಿಗೆ ಹೊಸ ಸೆಲ್ಲು ಹಾಕಿದ ಒಂದು ಭಾನುವಾರ ಅವರು ಮುಚ್ಚಳ ಹಾಕುವಾಗ ಆಕೆಯೇ ಅಂದಳು: "ರೀ, ಪೆಟ್ಟಿಗೆಯೊಳಗೆ ಯಾರೋ ದೀಪ ಹಚ್ಚಿಟ್ಟಿದ್ದಾರೆ."

ಆ ವಾರವೆಲ್ಲ ಅಂಥ ಮಾತುಗಳೇ. ಗೋಡೆಯಾಚೆ ಶಾಲೆಯ ಮಕ್ಕಳು ಕಾಯುತ್ತಿದ್ದಾರೆ ಎಂದಿದ್ದಳು. ಎಂದೋ ತೀರಿಹೋದ ಅಪ್ಪ ಬಾಗಿಲು ತಟ್ಟುತ್ತಿದ್ದಾನೆ ಎಂದಿದ್ದಳು. "ಇರಲಿ ಬಿಡೇ, ಅವರೇ ಆರಿಸಿಕೊಳ್ತಾರೆ" ಎಂದು ಮಾತು ತೇಲಿಸಿ ಚಿಲಕ ಹಾಕಿದರು.

ನಾಲ್ಕನೆಯ ದಿನ ಸಂಜೆ ಬಿರುಗಾಳಿ ಎದ್ದಿತು. ಕಿಟಕಿಗಳು ಬಡಿದುಕೊಂಡವು. ಫ್ಯಾನು ನಿಧಾನವಾಗಿ ನಿಂತಿತು, ಫ್ರಿಜ್ಜಿನ ಗುಂಯ್‌ಗುಡುವಿಕೆಯೂ ನಿಂತಿತು. ಕರೆಂಟು ಹೋಗಿದ್ದು ಅವರಿಗೆ ತಿಳಿಯುತ್ತಿದ್ದದ್ದು ಹಾಗೆ. ಆಕೆ ಕಿರುಚಿದಳು. ಅವರು ಗಾಬರಿಯಾಗಲಿಲ್ಲ. ಇದಕ್ಕೇ ಅಲ್ಲವೇ ಒಂದು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದದ್ದು? ಪೆಟ್ಟಿಗೆಯನ್ನು ಎಳೆದು ಕೋಣೆಯ ನಡುವೆ ತಂದರು, ಟಾರ್ಚು ತೆಗೆದರು, ಒತ್ತಿದರು.

"ಹತ್ತಿತಾ?"

"ಹೂಂ, ಹತ್ತಿತು."

ಟಾರ್ಚನ್ನು ಮೇಜಿನ ಮೇಲೆ ನಿಲ್ಲಿಸಿ, ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ ಸ್ವೆಟರು ಹೊದಿಸಿದರು. ಆಕೆ ಸುಮ್ಮನಾದಳು. ಅಷ್ಟರಲ್ಲಿ ಅಡುಗೆಮನೆಯ ಕಿಟಕಿ ಒಡೆದುಹೋಗುವಂತೆ ಬಡಿಯತೊಡಗಿತು. ಬೆಳಕಿದೆಯಲ್ಲ, ಇಲ್ಲೇ ಕೂತಿರು, ಬಂದುಬಿಡುತ್ತೇನೆ ಎಂದು ಹೇಳಿ, ಹಿಡಿದಿದ್ದ ಕೈ ಬಿಟ್ಟು ಹೋದರು. ಚಿಲಕ ಸಿಕ್ಕಿಸುತ್ತಿದ್ದಾಗ ತಗಡಿನ ಸದ್ದು ಕೇಳಿತು, ಅದರ ಹಿಂದೆಯೇ ಆಕೆ ಬಿದ್ದ ಸದ್ದು.

ಎಡವಿದ್ದು ಪೆಟ್ಟಿಗೆಗೇ. ತೆರೆದ ಮುಚ್ಚಳದ ಅಂಚು ಹಣೆಗೆ ತಾಗಿತ್ತು. ಕೆಳಗಿನ ಮನೆಯವರು ಓಡಿಬಂದರು, ನಾದಿನಿಗೂ ಅವರೇ ಫೋನು ಮಾಡಿದರು. ಆಸ್ಪತ್ರೆಯಲ್ಲಿ ಆರು ಹೊಲಿಗೆ ಹಾಕಿದರು.

ಮಾರನೆಯ ಬೆಳಿಗ್ಗೆ ನಾದಿನಿ ಅಕ್ಕನ ಬಟ್ಟೆ ಜೋಡಿಸುತ್ತ ಕೇಳಿದಳು: "ಕಗ್ಗತ್ತಲಲ್ಲಿ ಕೂರಿಸಿ ಹೋಗಿದ್ರಂತಲ್ಲ, ಭಾವ."

"ಟಾರ್ಚ್ ಹತ್ತಿತ್ತು. ಅವಳೇ ಹೇಳಿದಳು."

ನಾದಿನಿ ಟಾರ್ಚು ತೆಗೆದುಕೊಂಡು ಒತ್ತಿ ನೋಡಿದಳು. ಸೆಲ್ಲುಗಳು ಸತ್ತಿದ್ದವು. ಪೆಟ್ಟಿಗೆಯಿಂದ ಹೊಸವನ್ನು ತೆಗೆದು ಹಾಕಿ ಮತ್ತೆ ಒತ್ತಿದಳು. ಟಕ್, ಟಕ್, ಟಕ್ ಎಂದು ಬೇಗ ಬೇಗ ಎಷ್ಟೋ ಸಲ ಕೇಳಿಸಿತು.

"ಒಂದು ಸಲ ಒತ್ತಿದರೆ ಜೋರು, ಎರಡನೇ ಸಲಕ್ಕೆ ಮಂದ, ಮೂರನೇ ಸಲಕ್ಕೆ ಆರೋದು" ಎಂದಳು. ಬೈಯಲಿಲ್ಲ. ಬೈದಿದ್ದರೆ ಅವರಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಭಾನುವಾರ ಎರಡೇ ಸಲ ಒತ್ತಿ ಮುಚ್ಚಿದ್ದರು. ಪೆಟ್ಟಿಗೆಯೊಳಗೆ ದೀಪ ನಿಜವಾಗಿಯೂ ಉರಿಯುತ್ತಿತ್ತು, ಆಕೆ ಅದನ್ನು ಕಂಡಿದ್ದಳು, ಕಂಡದ್ದನ್ನು ಹೇಳಿಯೂ ಇದ್ದಳು. ಇಡೀ ವಾರ ಆಕೆ ಆಡಿದ ಒಂದೇ ನಿಜವಾದ ಮಾತನ್ನು ಅವರು ನಕ್ಕು ತಳ್ಳಿಹಾಕಿದ್ದರು. ನಂಬಿದ್ದು ಸುಳ್ಳನ್ನು.

ನಾದಿನಿ ಅರ್ಜಿಯನ್ನು ಮುಂದಿಟ್ಟಾಗ, ಬೆರಳು ಎಲ್ಲಿಡಬೇಕೆಂದು ಮಾತ್ರ ಕೇಳಿ ಸಹಿ ಹಾಕಿದರು. ಟಾರ್ಚನ್ನು ಬ್ಯಾಗಿಗೆ ಹಾಕು, ಅವಳಿಗೆ ಕತ್ತಲು ಆಗುವುದಿಲ್ಲ ಎಂದರು.

"ಅಲ್ಲಿ ಜನರೇಟರ್ ಇದೆ, ಭಾವ."

ಹೆಂಡತಿ ಏನೂ ಕೇಳದೆ ತಂಗಿಯ ಕೈ ಹಿಡಿದು ಮೆಟ್ಟಿಲಿಳಿದಳು. ಆಪರೇಟರು ಹದಿನೆಂಟು ಮೆಟ್ಟಿಲನ್ನೂ ಎಣಿಸಿಕೊಂಡರು. ಆಮೇಲೆ ಒಳಗೆ ಬಂದು ಪೆಟ್ಟಿಗೆಯ ಸಾಮಾನುಗಳನ್ನು ಒಂದೊಂದಾಗಿ ಮುಟ್ಟಿ ಮೊದಲಿನಂತೆಯೇ ಜೋಡಿಸಿದರು. ಟಾರ್ಚನ್ನು ಒತ್ತಿದರು, ಮತ್ತೊಮ್ಮೆ ಒತ್ತಿದರು, ಇನ್ನೊಮ್ಮೆ ಒತ್ತಿದರು. ನಾದಿನಿ ಅದನ್ನು ಆರಿಸಿ ಇಟ್ಟಿದ್ದಳೋ ಹಾಗೇ ಬಿಟ್ಟಿದ್ದಳೋ, ಅದು ಗೊತ್ತಿಲ್ಲದೆ ಎಣಿಕೆ ಎಲ್ಲಿಂದ ಶುರು ಮಾಡುವುದು? ಗಾಜಿನ ಮೇಲೆ ಅಂಗೈಯಿಟ್ಟು ಇನ್ನೂರರವರೆಗೆ ಎಣಿಸಿದರು. ತಣ್ಣಗಿತ್ತು. ಹತ್ತಿದೆಯೇ ಎಂದು ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ.