ಕಲ್ಲಟ್ಟಿ ತಿರುವಿನ ಟೀ ಅಣ್ಣ

ಕಲ್ಲಟ್ಟಿ ಘಾಟಿಯಲ್ಲಿ ಟೀ ಅಂಗಡಿ ಇಟ್ಟಿದ್ದ ಟೀ ಅಣ್ಣ ಅವರಿಗೆ ಹೊಸ ಫೋನಿನಿಂದ ಹಿಡಿದು ಚುನಾವಣೆಯವರೆಗೆ ಎಲ್ಲದರ ಮೇಲೂ ಅಭಿಪ್ರಾಯವಿತ್ತು. ಗ್ಲಾಸು ತೊಳೆಯುತ್ತಲೇ "ನಾನು ಒಪ್ಪಲ್ಲಪ್ಪ" ಎಂದು ಶುರು ಮಾಡುತ್ತಿದ್ದರು.

ನಾನು ಊಟಿಯಿಂದ ಹೊಸ ಕಾರಿನಲ್ಲಿ ಘಾಟಿ ಇಳಿಯುತ್ತಿದ್ದ ದಿನ ಅವರು ರಸ್ತೆಗೆ ಅಡ್ಡ ನಿಂತರು. ಕಾರು ಅವರಿಂದ ಗೇಣುದೂರದಲ್ಲಿ ನಿಂತಿತು.

"ಬ್ರೇಕ್ ಸುಟ್ಟ ವಾಸನೆ! ಗೇರಲ್ಲಿ ಇಳಿಸದೆ ಬ್ರೇಕ್ ತುಳ್ಕೊಂಡೇ ಬಂದ್ರಾ ಸಾರ್?"

"ಸ್ಕ್ರೀನಲ್ಲಿ ಎಲ್ಲ ಸರಿ ತೋರಿಸ್ತಿದೆಯಲ್ಲಣ್ಣ?"

"ಸ್ಕ್ರೀನ್ ಚೆನ್ನಾಗಿದೆ. ಮೂಗು ಇಟ್ಟಿಲ್ಲ ನೋಡಿ."

ಮತ್ತೆ ಒತ್ತಿದರೆ ಬ್ರೇಕ್ ಪೆಡಲು ಹಿಡಿಯದೆ ತಳಕ್ಕಿಳಿಯಿತು. ಮುಂದಿನ ತಿರುವಿನಾಚೆ ಬರೀ ಕಣಿವೆ. ಅದು ಈಗಲೂ ಕಣ್ಮುಂದೆ ಬರುತ್ತದೆ.

ಚಕ್ರ ತಣ್ಣಗಾಗಿ ಬ್ರೇಕು ಹಿಡಿದ ಮೇಲೆ ಅವರೇ ಫಸ್ಟ್ ಗೇರಿನಲ್ಲಿ ಕಾರು ಇಳಿಸಿದರು. ಘಾಟಿಯ ಕೆಳಗಿನ ಮಸಿನಗುಡಿಯ ಮೆಕ್ಯಾನಿಕ್ ಬ್ರೇಕ್ ನೋಡಿ ಬೆರಗಾಗಿ, "ಇದನ್ನ ಯಾರು ಇಳಿಸಿದ್ದು?" ಎಂದು ಕೇಳಿದ. ಎದೆಯುಬ್ಬಿಸಿ ಹೇಳಿದೆ: "ನಮ್ಮ ಟೀ ಅಣ್ಣ."